ಮನೆಗೊಂದು ಅಲ್ಲಾಡದ ಕೆಲಸದ ಬೆಂಚು: ಮರವೋ, ಕಬ್ಬಿಣವೋ, ಕಲ್ಲೋ?

ಮೇಜು ಮಾರುವವರು ಮೊದಲು ಹೇಳೋದು ತೂಕದ ಲೆಕ್ಕ. 'ಇನ್ನೂರು ಕೆಜಿ ಇಟ್ರೂ ಏನೂ ಆಗಲ್ಲ ಸಾರ್.' ನಿಜವೇ ಇರಬಹುದು. ಆದರೆ ಮನೆಯ ಕೆಲಸದ ಬೆಂಚಿನ ಮೇಲೆ ಇನ್ನೂರು ಕೆಜಿ ಇಡುವವರು ಯಾರು? ನಾವು ಅದರ ಮೇಲೆ ಗರಗಸ ಎಳೆಯುತ್ತೇವೆ, ಕೀಸುಳಿ ತಳ್ಳುತ್ತೇವೆ, ವೈಸ್‌ಗೆ (ಸಾಮಾನನ್ನು ಬಿಗಿಯಾಗಿ ಹಿಡಿಯುವ ಕಬ್ಬಿಣದ ದವಡೆ) ಪೈಪ್ ಕಚ್ಚಿಸಿ ಮೈಭಾರ ಹಾಕಿ ತಿರುಗಿಸುತ್ತೇವೆ. ಇಲ್ಲಿ ಬಲ ಬೀಳೋದು ಪಕ್ಕಕ್ಕೆ. ಕೆಳಕ್ಕೆ ಎಷ್ಟು ಬೇಕಾದರೂ ಹೊರುವ ಮೇಜು ಪಕ್ಕದ ಒಂದು ತಳ್ಳಿಗೆ ತೂಗಾಡಬಹುದು. ಊಟದ ಟೇಬಲ್ ಮೇಲೆ ಹಲಗೆ ಕೊಯ್ದು ನೋಡಿದವರಿಗೆ ಇದು ಗೊತ್ತು.

ಆದ್ದರಿಂದ ಮರ, ಕಬ್ಬಿಣ, ಕಲ್ಲು ಏನೇ ನೋಡಿದರೂ ಪರೀಕ್ಷೆ ಒಂದೇ. ಬೆಂಚಿನ ಒಂದು ತುದಿಯಲ್ಲಿ ನಿಂತು, ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ಜೋರಾಗಿ ಅಲ್ಲಾಡಿಸಿ. ನಾಲ್ಕು ಕಾಲು, ಮೇಲೊಂದು ಹಲಗೆ ಮಾತ್ರ ಇದ್ದರೆ ಆ ಚೌಕ ಓರೆಯಾಗುತ್ತದೆ, ಮತ್ತೆ ವಾಪಸ್ ಬರುತ್ತದೆ. ದಪ್ಪ ಕಾಲು ಹಾಕಿದ ಮಾತ್ರಕ್ಕೆ ಇದು ನಿಲ್ಲೋದಿಲ್ಲ. ನಿಲ್ಲಿಸೋದು ಮೂಲೆಯಿಂದ ಎದುರು ಮೂಲೆಗೆ ಹಾಕಿ ಚೌಕವನ್ನು ತ್ರಿಕೋನ ಮಾಡುವ ಓರೆಪಟ್ಟಿ. ಇಲ್ಲವೇ ಹಿಂಬದಿಗೆ ಬಿಗಿದ ಒಂದು ಹಲಗೆ. ತ್ರಿಕೋನ ಓರೆಯಾಗಬೇಕಾದರೆ ಅದರ ಒಂದು ಬದಿಯೇ ಉದ್ದವಾಗಬೇಕು ಅಥವಾ ಗಿಡ್ಡವಾಗಬೇಕು. ಚೌಕಕ್ಕೆ ಆ ಕಷ್ಟ ಇಲ್ಲ, ಮೂಲೆಗಳು ಸ್ವಲ್ಪ ಸಡಿಲವಾದರೆ ಸಾಕು. ಈಗಾಗಲೇ ಮನೆಯಲ್ಲಿ ಅಲ್ಲಾಡುವ ಮೇಜು ಇದ್ದರೆ, ಹೊಸದಕ್ಕೆ ದುಡ್ಡು ಹಾಕುವ ಮೊದಲು ಹಿಂದಿನ ಎರಡು ಕಾಲಿಗೆ 12 ಮಿಮೀ ಪ್ಲೈವುಡ್ ಹಲಗೆಯೊಂದನ್ನು ಸ್ಕ್ರೂ ಹಾಕಿ ಕೂರಿಸಿ. ಎಷ್ಟೋ ಜನರಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಅಂದಹಾಗೆ, ನಮ್ಮ ಹಳೇ ಬಡಗಿಗಳು ಬೆಂಚಿಲ್ಲದೆಯೇ ಬಾಗಿಲು, ತೊಟ್ಟಿಲು ಎಲ್ಲ ಮಾಡಿದವರು. ನೆಲದ ಮೇಲೆ ಕೂತು ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದರೆ ಅವರಿಗೆ ಅದೇ ವೈಸ್. ನೆಲದಷ್ಟು ಅಲ್ಲಾಡದ ಬೆಂಚು ಇನ್ಯಾವುದು? ಸೊಂಟ, ಮಂಡಿ ಒಪ್ಪದವರಿಗೆ ಮುಂದಿನ ಮಾತು.

ಮರದ ಬೆಂಚು

ಉಳಿ, ಗರಗಸ, ಕೀಸುಳಿ ಕೆಲಸ ಜಾಸ್ತಿ ಅಂದರೆ ನನ್ನ ಓಟು ಮರಕ್ಕೇ. ಉಳಿ ಜಾರಿ ಹಲಗೆಗೆ ತಾಗಿದರೂ ಬಾಯಿ ಮುರಿಯೋದಿಲ್ಲ. ಸುತ್ತಿಗೆ ಪೆಟ್ಟನ್ನು ಮರ ನುಂಗಿಕೊಳ್ಳುತ್ತದೆ. ಎಲ್ಲಿ ಬೇಕಾದರೂ ತೂತು ಕೊರೆದು ಗೂಟ ಸಿಕ್ಕಿಸಬಹುದು. ಹಲಗೆ ಹಾಳಾದರೆ ಕೀಸಿ ಮತ್ತೆ ಹೊಸದು ಮಾಡಬಹುದು.

ಯಾವ ಮರ? ಎಲ್ಲರ ಬಾಯಲ್ಲೂ ಮೊದಲು ಬರೋದು ತೇಗ. ನನಗೆ ಅದು ದಂಡ ಅನಿಸುತ್ತದೆ. ಬಣ್ಣ ಚೆಲ್ಲಿ, ಮೊಳೆ ಗೀಚಿ, ಗ್ರೀಸ್ ಮೆತ್ತಿಕೊಳ್ಳುವ ಜಾಗಕ್ಕೆ ಆ ಬೆಲೆಯ ಮರ ಯಾಕೆ? ಮತ್ತಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಗಟ್ಟಿ, ತೂಕವೂ ಜಾಸ್ತಿ. ಬೆಂಚಿಗೆ ತೂಕ ಒಳ್ಳೆಯದೇ. ಆದರೆ ಒಣಗದ ಮತ್ತಿ ಸೀಳುತ್ತದೆ, ಮೊಳೆಯನ್ನು ಸುಲಭಕ್ಕೆ ಒಳಗೆ ಬಿಡೋದಿಲ್ಲ, ಮೊದಲು ಡ್ರಿಲ್ ಹಾಕಲೇಬೇಕು. ಹೊನ್ನೆಯೂ ಒಳ್ಳೆಯದೇ. ಹಲಸು ಕೆಲಸಕ್ಕೆ ಬಗ್ಗುತ್ತದೆ, ಹಳದಿ ಬಣ್ಣವೂ ಚಂದ. ನೀಲಗಿರಿ ಅಗ್ಗಕ್ಕೆ ಸಿಕ್ಕರೂ ತಿರುಚಿಕೊಳ್ಳುತ್ತದೆ. ಇವತ್ತು ಸಮವಾಗಿ ಕೂರಿಸಿದ ಹಲಗೆ ಮುಂದಿನ ಬೇಸಿಗೆಗೆ ಮೂಲೆ ಎತ್ತಿಕೊಂಡು ಕೂತಿರುತ್ತದೆ. ರಬ್ಬರ್ ಮರ ಕೊಳ್ಳುವುದಾದರೆ ಔಷಧಿ ಕೊಟ್ಟು ಒಣಗಿಸಿದ್ದೇ ಆಗಬೇಕು. ಇಲ್ಲದಿದ್ದರೆ ಕುಟ್ಟೆ ಹುಳಕ್ಕೆ ಹಬ್ಬ.

ಕಾಫಿ ಸೀಮೆಯವರಾದರೆ ಸಿಲ್ವರ್ ಓಕ್ ಕೈಗೆ ಹತ್ತಿರ. ನೆರಳಿಗೆ, ಮೆಣಸಿನ ಬಳ್ಳಿಗೆ ಅಂತ ಬೆಳೆಸಿದ ಮರ ತೋಟದ ತುಂಬ ಇರುತ್ತದೆ. ಸ್ವಲ್ಪ ಮೆದು, ನಿಜ. ಕಾಲಿಗೆ, ಅಡ್ಡಪಟ್ಟಿಗೆ ಒಂದು ಅಳತೆ ದಪ್ಪ ಜಾಸ್ತಿ ಇಟ್ಟರೆ ಏನೂ ತೊಂದರೆ ಇಲ್ಲ. ಇನ್ನೊಂದು ಅನುಕೂಲವೂ ಇದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಮರಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ತೋಟ ನಮ್ಮದೇ ಅಂತ ಬೀಟೆ ಮರಕ್ಕೆ ಕೊಡಲಿ ಹಾಕಿದರೆ ಮಾತ್ರ ಅರಣ್ಯ ಇಲಾಖೆ ಮುಂದೆ ನಿಲ್ಲಬೇಕಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಮರ ಹಳೇ ಮನೆ ಕೆಡವಿದಲ್ಲಿ ಸಿಗುತ್ತದೆ. ತೊಲೆ, ಜಂತೆ, ಬಾಗಿಲ ಚೌಕಟ್ಟು. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕು ಅನ್ನುವುದು ಮರದವರ ಹಳೇ ಲೆಕ್ಕ. ಐವತ್ತು ವರ್ಷ ಸೂರಿನ ಕೆಳಗೆ ಇದ್ದ ಮರ ಇನ್ನು ಎಲ್ಲಿಗೆ ತಿರುಚಿಕೊಂಡೀತು? ಆದರೆ ಸಾಮಿಲ್‌ಗೆ ಒಯ್ಯುವ ಮೊದಲು ಪೂರ್ತಿ ಉದ್ದಕ್ಕೆ ಅಯಸ್ಕಾಂತ ಆಡಿಸಿ. ತಲೆ ಮುರಿದ ಮೊಳೆಗಳು ಒಳಗೆ ಅಡಗಿರುತ್ತವೆ. ಗರಗಸದ ಹಲ್ಲು ಹೋದರೆ ಮಿಲ್ಲಿನವರು ನಿಮ್ಮನ್ನು ಮತ್ತೆ ಒಳಗೆ ಸೇರಿಸೋದಿಲ್ಲ. ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿಯೂ ನೋಡಿ. ಗೋಡೆಯೊಳಗೆ ಹುಗಿದಿದ್ದ ಒಂದಡಿ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಗೆದ್ದಲು ತಿಂದು ಟೊಳ್ಳಾಗಿರಬಹುದು.

ಲೆಕ್ಕಕ್ಕೆ ಐದಡಿ ಉದ್ದ, ಎರಡಡಿ ಅಗಲದ ಬೆಂಚು ಹಿಡಿಯೋಣ. ಎರಡಿಂಚು ದಪ್ಪದ ಮೇಲ್ಹಲಗೆ, ಮೂರಿಂಚು ಚೌಕದ ಕಾಲು, ಮೇಲೆ ಕೆಳಗೆ ಅಡ್ಡಪಟ್ಟಿ. ಎಲ್ಲ ಸೇರಿ ಮೂರೂವರೆ ಘನ ಅಡಿ. ಕೀಸಿ ಹೋಗುವುದು, ತುಂಡಾಗುವುದು ಸೇರಿಸಿ ನಾಲ್ಕು ಕೇಳಿ. ತೇಗದಲ್ಲಿ ಇದು ಸುಮಾರು 65 ಕೆಜಿ ಆದರೆ ಮತ್ತಿಯಲ್ಲಿ 80 ದಾಟುತ್ತದೆ. ಕಾಲಿಗೂ ಅಡ್ಡಪಟ್ಟಿಗೂ ಬರೀ ಮೊಳೆ ಹೊಡೆದರೆ ಎರಡು ಮಳೆಗಾಲದಲ್ಲಿ ಹಳೇ ಮಂಚದ ಹಾಗೆ ಕಿರ್ ಕಿರ್ ಶುರು. ಕಾಲಿಗೆ ತೂತು ಕೊರೆದು ಪಟ್ಟಿಯ ತುದಿಯನ್ನು ಅದರೊಳಗೆ ಕೂರಿಸಬೇಕು. ಅಷ್ಟು ಕೈಕೆಲಸ ಬರದಿದ್ದರೆ 10 ಅಥವಾ 12 ಮಿಮೀ ಬೋಲ್ಟ್ ಹಾಕಿ, ಎರಡೂ ಕಡೆ ಅಗಲ ವಾಶರ್ ಕೊಡಿ. ಬೋಲ್ಟಿನಲ್ಲಿ ಒಂದು ಸುಖ ಇದೆ. ಬೇಸಿಗೆಯಲ್ಲಿ ಮರ ಕುಗ್ಗಿ ಸಡಿಲವಾದರೆ ಸ್ಪ್ಯಾನರ್ ಹಿಡಿದು ಅರ್ಧ ಸುತ್ತು ತಿರುಗಿಸಿದರಾಯಿತು.

ಮೇಲ್ಹಲಗೆಯನ್ನು ಮಾತ್ರ ಅಲ್ಲಾಡದಂತೆ ಎಲ್ಲ ಕಡೆ ಬಿಗಿಯಬೇಡಿ. ಅಗಲದ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಅದನ್ನು ತಡೆಯಲು ಯಾವ ಸ್ಕ್ರೂವಿನಿಂದಲೂ ಆಗದು. ಮುಂದಿನ ಅಂಚನ್ನು ಬಿಗಿ ಮಾಡಿ, ಹಿಂದಿನ ಅಂಚಿನ ತೂತುಗಳನ್ನು ಸ್ವಲ್ಪ ಉದ್ದಕ್ಕೆ ಕೊರೆಯಿರಿ. ಕಾಲಿನ ಕೆಳಗೆ ಅಂಗೈಯಗಲದ ಗ್ರಾನೈಟ್ ಚೂರು ಇಟ್ಟರೆ ನೆಲದ ಪಸೆ ಮರಕ್ಕೆ ಏರುವುದಿಲ್ಲ.

ಕಬ್ಬಿಣದ ಚೌಕಟ್ಟು

ಬೈಕ್ ರಿಪೇರಿ, ಪೈಪ್ ಕೊಯ್ಯುವುದು, ಗ್ರೈಂಡಿಂಗ್, ಪಂಪ್‌ಸೆಟ್ ಬಿಚ್ಚುವುದು. ಇಂಥ ಕೆಲಸ ಇರುವ ಮನೆಗೆ ಕಬ್ಬಿಣವೇ ಸರಿ. ಬೆಂಕಿಯ ಕಿಡಿಗೆ ಹೆದರೋದಿಲ್ಲ, ಗೆದ್ದಲು ಮುಟ್ಟೋದಿಲ್ಲ. ಊರ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಬೇಗ ಆಗುತ್ತದೆ. ಬಡಗಿಗೆ ಕಾದ ಹಾಗೆ ಕಾಯಬೇಕಾಗಿಲ್ಲ.

40 ಮಿಮೀ ಚೌಕದ, 2 ಮಿಮೀ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ) ಪೈಪ್ ಸಾಕು. ಇಪ್ಪತ್ತಡಿ ಉದ್ದದ ಎರಡು ಪೈಪ್‌ನಲ್ಲಿ ಮೇಲೆ ಹೇಳಿದ ಅಳತೆಯ ಬೆಂಚು ಮುಗಿಯುತ್ತದೆ. ನಾಲ್ಕು ಕಾಲು, ಮೇಲೊಂದು ಸುತ್ತು, ಕೆಳಗೆ ಮೂರು ಬದಿ, ಹಿಂದೆ ಒಂದು ಓರೆಪಟ್ಟಿ. ಕೆಳಗೆ ಮುಂದಿನ ಬದಿ ಬೇಡ, ಅದು ಪಾದಕ್ಕೆ ಅಡ್ಡ. ಓರೆಪಟ್ಟಿಯನ್ನು 'ಅದೇನು ಬೇಕಾಗಿಲ್ಲ ಸಾರ್, ವೆಲ್ಡಿಂಗೇ ಗಟ್ಟಿ' ಅಂತ ಬಿಡಿಸಲು ನೋಡುತ್ತಾರೆ. ಬಿಡಬೇಡಿ.

ಪೈಪ್ ಕೊಳ್ಳುವಾಗ ದಪ್ಪದಲ್ಲಿ ಮೋಸ ಹೋಗುವುದು ಸುಲಭ. 2 ಮಿಮೀ, 1.6 ಮಿಮೀ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ, ಕಬ್ಬಿಣ ಮಾರೋದೇ ಕೆಜಿ ಲೆಕ್ಕದಲ್ಲಿ. ಇಪ್ಪತ್ತಡಿಯ 2 ಮಿಮೀ ಪೈಪ್ ಹದಿನಾಲ್ಕು ಕೆಜಿ ಆಸುಪಾಸು ತೂಗಬೇಕು. ಹನ್ನೆರಡರ ಒಳಗೆ ನಿಂತರೆ ಅದು 1.6. ಹಾಗಂತ ಅದರಲ್ಲಿ ಬೆಂಚು ಆಗೋದೇ ಇಲ್ಲ ಅಂತಲ್ಲ. ಅನುಭವ ಕಡಿಮೆ ಇರುವ ಕೈ ವೆಲ್ಡ್ ಮಾಡುವಾಗ ತೆಳು ಪೈಪ್ ತೂತು ಬೀಳುತ್ತದೆ, ವೈಸ್ ಕೂರುವ ಜಾಗದಲ್ಲಿ ಬೋಲ್ಟ್ ಬಿಗಿದರೆ ಒಳಕ್ಕೆ ಅಮುಕಿಕೊಳ್ಳುತ್ತದೆ.

ವೆಲ್ಡಿಂಗ್ ಮಾಡಿಸುವಾಗ ಪಕ್ಕದಲ್ಲಿ ನಿಲ್ಲಿ. ಮೊದಲು ಎಲ್ಲ ಮೂಲೆಗೂ ಚುಕ್ಕಿ ಚುಕ್ಕಿ ಟ್ಯಾಕ್ ಮಾತ್ರ ಹಾಕಿಸಿ, ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬರಬೇಕು. ವ್ಯತ್ಯಾಸ ಬಂದರೆ ಆಗಲೇ ಒಂದು ಪೆಟ್ಟು ಕೊಟ್ಟು ಸರಿಮಾಡಬಹುದು. ಪೂರ್ತಿ ವೆಲ್ಡ್ ಆದಮೇಲೆ ದೇವರೇ ಗತಿ. ಒಂದೇ ಕಡೆಯಿಂದ ಶುರುಮಾಡಿ ಉದ್ದಕ್ಕೆ ವೆಲ್ಡ್ ಎಳೆದುಕೊಂಡು ಹೋದರೂ ಕಬ್ಬಿಣ ಆ ಕಡೆಗೆ ಎಳೆದುಕೊಳ್ಳುತ್ತದೆ. ಎದುರು ಬದುರು ಮೂಲೆಗಳಲ್ಲಿ ಸರದಿಯ ಮೇಲೆ ಹಾಕಿಸಿ.

ನಮ್ಮ ಮನೆಗಳ ನೆಲ ಎಲ್ಲೂ ಮಟ್ಟ ಇರೋದಿಲ್ಲ. ಗ್ಯಾರೇಜು, ಹಿತ್ತಲ ಶೆಡ್ಡು ಅಂದರೆ ನೀರು ಹರಿಯಲಿ ಅಂತ ಬೇಕಂತಲೇ ಇಳಿಜಾರು ಕೊಟ್ಟಿರುತ್ತಾರೆ. ಪ್ರತಿ ಕಾಲಿನ ತಳಕ್ಕೆ ಚಿಕ್ಕ ಪ್ಲೇಟ್ ಹಾಕಿಸಿ, ಅದರಲ್ಲಿ 12 ಮಿಮೀ ನಟ್ ವೆಲ್ಡ್ ಮಾಡಿಸಿ. ಕೆಳಗಿನಿಂದ ಬೋಲ್ಟ್ ತಿರುಗಿಸಿದರೆ ಅದೇ ಹೆಚ್ಚುಕಡಿಮೆ ಮಾಡುವ ಪಾದ. ರಟ್ಟು ಮಡಿಸಿ ಕಾಲಿನಡಿ ತುರುಕುವ ಕೆಲಸ ತಪ್ಪುತ್ತದೆ.

ಕಬ್ಬಿಣದ ದೊಡ್ಡ ದೋಷ ಸದ್ದು. ಸುತ್ತಿಗೆ ಬಿದ್ದರೆ ಇಡೀ ಚೌಕಟ್ಟು ಗಂಟೆ ಹೊಡೆಯುತ್ತದೆ. ಮಧ್ಯಾಹ್ನ ಮಲಗಿದ ಅತ್ತೆ ಎದ್ದು ಬರುತ್ತಾರೆ. ಕಾಲಿನ ಮೇಲ್ತುದಿ ಮುಚ್ಚುವ ಮೊದಲು ಒಳಗೆ ಎಂ-ಸ್ಯಾಂಡ್ ತುಂಬಿಸಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ್ದಾಗಿರಬೇಕು, ಹಸಿ ಮರಳು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಸದ್ದು ಅಡಗುತ್ತದೆ, ನಾಲ್ಕೂ ಕಾಲು ಸೇರಿ ಏಳು ಕೆಜಿಯಷ್ಟು ತೂಕವೂ ಕೆಳಗಡೆ ಸೇರುತ್ತದೆ. ಆಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಪೇಂಟ್. ಕರಾವಳಿಯವರು ಪೇಂಟಿನಲ್ಲಿ ಉಳಿತಾಯ ಮಾಡಲೇಬಾರದು, ಉಪ್ಪು ಗಾಳಿ ಬಿಡೋದಿಲ್ಲ.

ಇದರ ಬಡ ತಮ್ಮ ಸ್ಲಾಟೆಡ್ ಆಂಗಲ್. ಗೋದಾಮುಗಳಲ್ಲಿ, ಕಿರಾಣಿ ಅಂಗಡಿಯ ರ್‍ಯಾಕ್‌ಗಳಲ್ಲಿ ನೋಡಿರುತ್ತೀರಿ. ಉದ್ದಕ್ಕೂ ತೂತಿರುವ ತಗಡಿನ ಕಾಲು, ನಟ್ಟು ಬೋಲ್ಟು. ಸಾಮಾನು ಇಡಲು ಒಳ್ಳೆಯದು. ಕೆಲಸದ ಬೆಂಚಿಗೆ ಬೇಡ. ಮೂಲೆಯ ತ್ರಿಕೋನ ತಗಡುಗಳನ್ನು ಎಷ್ಟು ಬಿಗಿದರೂ ನಾನು ಹೇಳಿದ ಅಲ್ಲಾಟದ ಪರೀಕ್ಷೆಯಲ್ಲಿ ಸೋಲುತ್ತದೆ.

ಕಲ್ಲಿನ ಕಟ್ಟೆ

ಇದು ನಮ್ಮ ಕಡೆಯ ಜಾಣತನ. ಅಡುಗೆಮನೆ ಕಟ್ಟೆ ಕಟ್ಟುವ ಮೇಸ್ತ್ರಿಯೇ ಹಿತ್ತಲಲ್ಲಿ ಎರಡು ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೆ ಗ್ರಾನೈಟೋ ಕಡಪ ಕಲ್ಲೋ ಕೂರಿಸುತ್ತಾನೆ. ಅಲ್ಲಾಟದ ಪ್ರಶ್ನೆಯೇ ಇಲ್ಲ. ಗೆದ್ದಲು, ತುಕ್ಕು, ಮಳೆ ಯಾವುದಕ್ಕೂ ಜಗ್ಗೋದಿಲ್ಲ. ಬೆಸುಗೆ ಹಾಕುವುದು, ಮೋಟಾರ್ ಬಿಚ್ಚುವುದು, ಬಣ್ಣ ಕಲಸುವುದು, ಗಾಜು ಕೊಯ್ಯುವುದು ಇಂಥದ್ದಕ್ಕೆ ಇದಕ್ಕಿಂತ ಸುಖದ ಜಾಗ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಪಾಲಿಶ್ ಆದ ಗ್ರಾನೈಟ್ ಎಷ್ಟು ಮಟ್ಟಸ ಇರುತ್ತದೆ ಅಂದರೆ ಅದರ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಅಂಟಿಸಿಕೊಂಡು ಉಳಿಯನ್ನೂ ಕೀಸುಳಿಯ ಬ್ಲೇಡನ್ನೂ ಮಸೆಯಬಹುದು.

ಆದರೆ ಕಲ್ಲು ಪೆಟ್ಟು ತಾಳೋದಿಲ್ಲ. ಇಡೀ ಕಲ್ಲಿನ ಮೇಲೆ ಹತ್ತು ಮೂಟೆ ಇಡಿ, ಸುಮ್ನೆ ಇರುತ್ತದೆ. ಅಂಚಿನ ಮೇಲೆ ಸುತ್ತಿಗೆಯ ಒಂದು ಏಟು ಬಿದ್ದರೆ ಸಿಬಿರು ಹಾರುತ್ತದೆ. ವೈಸ್ ಕೂರಿಸಲು ಅಂಚಿನ ಹತ್ತಿರ ತೂತು ಕೊರೆದು ಬೋಲ್ಟ್ ಬಿಗಿದರೆ, ಪೈಪ್ ತಿರುಗಿಸಿದ ದಿನ ಆ ತೂತಿನಿಂದಲೇ ಬಿರುಕು ಹೊರಡುತ್ತದೆ. ಮೇಲೆ 12 ಮಿಮೀ ಪ್ಲೈವುಡ್ ಹಾಸಿಕೊಂಡರೆ ಪೆಟ್ಟಿಗೆ ಸ್ವಲ್ಪ ರಕ್ಷಣೆ. ವೈಸ್ ಬೇಕೇ ಬೇಕು ಅಂದರೆ ಕಟ್ಟೆಯ ಪಕ್ಕದಲ್ಲಿ ಕಾಂಕ್ರೀಟಿನಲ್ಲಿ ಹುಗಿದ ದಪ್ಪ ಕಬ್ಬಿಣದ ಕಂಬ, ಅದರ ತಲೆಗೆ ಪ್ಲೇಟ್, ಅದರ ಮೇಲೆ ವೈಸ್. ಇಟ್ಟಿಗೆ ಆಸರೆಗಳ ನಡುವೆ ಎರಡಡಿಗಿಂತ ಜಾಸ್ತಿ ಅಂತರ ಬಿಡಬೇಡಿ. ಐದಡಿಗೆ ಎರಡಡಿಯ ಕಲ್ಲು 18 ಮಿಮೀ ದಪ್ಪದಲ್ಲೇ 45 ಕೆಜಿ ಬರುತ್ತದೆ. ಇಬ್ಬರಿಲ್ಲದೆ ಎತ್ತುವ ಸಾಹಸ ಬೇಡ.

ಇನ್ನು ಆನ್‌ಲೈನಿನಲ್ಲಿ ಸಿಗುವ ಮಡಿಸುವ ಬೆಂಚುಗಳು. ಫ್ಲಾಟ್‌ನ ಬಾಲ್ಕನಿಯಲ್ಲಿ ಒಂದು ಶೆಲ್ಫ್ ಕೊಯ್ಯಲು ಸಾಕು. ಕೆಲಸ ಮುಗಿದ ಮೇಲೆ ಬಾಗಿಲ ಹಿಂದೆ ಹೋಗುತ್ತದೆ, ಅದೇ ಅದರ ಗುಣ. ಕೀಸುಳಿ ತಳ್ಳಿದರೆ ಬೆಂಚೂ ನಿಮ್ಮ ಜೊತೆ ಹೊರಡುತ್ತದೆ. ಅದರ ಅಡ್ಡಪಟ್ಟಿಯ ಮೇಲೆ ಒಂದು ಕಾಲಿಟ್ಟು ನಿಲ್ಲುವುದೊಂದೇ ಉಪಾಯ.

ಮೇಲ್ಹಲಗೆ, ಮುಂದಿನ ಅಂಚು, ವೈಸ್

ಕಬ್ಬಿಣದ ಚೌಕಟ್ಟಿಗೆ ಮೇಲೇನು ಹಾಕುವುದು? 18 ಮಿಮೀ ಪ್ಲೈವುಡ್ ಎರಡು ಪದರ. ಸುಮ್ನೆ ಒಂದರ ಮೇಲೊಂದು ಇಟ್ಟರೆ ಗಟ್ಟಿತನ ಎರಡು ಪಟ್ಟು ಮಾತ್ರ. ಮಧ್ಯೆ ಪೂರ್ತಿ ಅಂಟು ಬಳಿದು ಒತ್ತಿ ಒಂದಾಗಿಸಿದರೆ ಎಂಟು ಪಟ್ಟು. ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ಸರಿಯಾಗಿ ಏರುತ್ತದೆ, ಹಾಗಾಗಿ. ಒಂದು ಡಬ್ಬಿ ಅಂಟಿಗೆ ಇಷ್ಟು ಲಾಭ ಬೇರೆಲ್ಲೂ ಸಿಗೋದಿಲ್ಲ. ಎಂಟು-ನಾಲ್ಕರ ಒಂದು ಶೀಟಿನಲ್ಲಿ ಐದಡಿಯ ಎರಡು ತುಂಡು ಬರೋದಿಲ್ಲ ಅಂತ ಗಾಬರಿಯಾಗಬೇಡಿ. ಉದ್ದಕ್ಕೆ ಸೀಳಿದರೆ ಎರಡಡಿ ಅಗಲದ ಎರಡು ಪಟ್ಟಿ, ಒಂದೊಂದರಲ್ಲೂ ಐದಡಿ ತೆಗೆದು ಉಳಿದ ಮೂರಡಿಗಳು ಕೆಳಗಿನ ಶೆಲ್ಫಿಗೆ. ಹೊರಗೆ, ಶೆಡ್ಡಿನಲ್ಲಿ ಇಡುವುದಾದರೆ ಐಎಸ್ 710 ಗುರುತಿನ ಮೆರೀನ್ ಪ್ಲೈ ಕೇಳಿ. ಒಳಗಡೆಗೆ ಐಎಸ್ 303 ಸಾಕು. ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡವೇ ಬೇಡ, ಒಮ್ಮೆ ನೀರು ಕುಡಿದರೆ ಊದಿ ಪುಡಿಯಾಗುತ್ತದೆ.

ಬೆಂಚಿನಲ್ಲಿ ಜಾಸ್ತಿ ಹಿಂಸೆ ಅನುಭವಿಸೋದು ಮುಂದಿನ ಅಂಚು. ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ಖಾಲಿ ತೋಟಾಗಳನ್ನು ಮನೆಯಲ್ಲೇ ಮರುತುಂಬುತ್ತಾರೆ. ಅವರ ಲಿವರ್ ಪ್ರೆಸ್ ಕೂರೋದು ಇದೇ ಅಂಚಿನಲ್ಲಿ. ಹಿಡಿ ಒತ್ತಿದಾಗ ಅಂಚು ಕೆಳಕ್ಕೆ ಹೋಗುತ್ತದೆ, ಎತ್ತಿದಾಗ ಬೆಂಚೇ ಮೇಲೇಳಲು ನೋಡುತ್ತದೆ. ಅದಕ್ಕೇ ಅವರು ಬೆಂಚನ್ನು ಗೋಡೆಗೆ ಬಿಗಿಯುತ್ತಾರೆ, ಪ್ರೆಸ್‌ನ ಬೋಲ್ಟನ್ನು ಹಲಗೆಯ ಕೆಳಗಿನವರೆಗೂ ಇಳಿಸಿ ಅಡಿಗೆ ಕಬ್ಬಿಣದ ಪ್ಲೇಟ್ ಕೊಡುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಆ ಹವ್ಯಾಸದ ಮಾತು ಇಲ್ಲಿಗೆ ಬೇಡ. ಬೆಂಚಿನ ಪಾಠ ಮಾತ್ರ ತೆಗೆದುಕೊಳ್ಳೋಣ. ವೈಸ್ ಆಗಲಿ, ಕೈಯಲ್ಲಿ ಒತ್ತುವ ಯಾವುದೇ ಪ್ರೆಸ್ ಆಗಲಿ, ಮರದ ಸ್ಕ್ರೂ ಹಾಕಿ ಕೂರಿಸಬೇಡಿ. ಆರಪಾರ ಬೋಲ್ಟ್, ಅಡಿಗೆ ಪ್ಲೇಟ್.

ವೈಸ್‌ನ ಜಾಗ ಕಾಲಿನ ನೇರ ಮೇಲೆ. ನಡುವೆ ಕೂರಿಸಿದರೆ ಸುತ್ತಿಗೆ ಏಟಿಗೆಲ್ಲ ಹಲಗೆ ಕುಣಿಯುತ್ತದೆ. ಅದರ ಸ್ಥಿರ ದವಡೆ ಬೆಂಚಿನ ಅಂಚಿಗಿಂತ ಒಂದು ಕೂದಲು ಹೊರಗಿರಲಿ. ಆಗ ಉದ್ದದ ಪೈಪನ್ನು ನೆಟ್ಟಗೆ ನಿಲ್ಲಿಸಿ ಕಚ್ಚಿಸಿದರೂ ಅಂಚಿಗೆ ತಾಗದೆ ನೆಲದವರೆಗೆ ಇಳಿಯುತ್ತದೆ. ಮನೆಗೆ ನಾಲ್ಕಿಂಚಿನ ದವಡೆ ಸಾಕು.

ಎತ್ತರಕ್ಕೆ ಒಂದೇ ಸಂಖ್ಯೆ ಹೇಳೋದು ತಪ್ಪು. ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಕಲಿಸುವ ಕ್ರಮ ಚೆನ್ನಾಗಿದೆ. ವೈಸ್ ಮುಂದೆ ನೆಟ್ಟಗೆ ನಿಂತು, ಮುಷ್ಟಿಯನ್ನು ಗದ್ದಕ್ಕೆ ತಾಗಿಸಿದರೆ ಮೊಣಕೈ ವೈಸ್‌ನ ದವಡೆಗೆ ಮುಟ್ಟಬೇಕು. ಅದು ಅರ ಉಜ್ಜುವ ಕೆಲಸಕ್ಕೆ. ಕೀಸುಳಿಗೆ ಇದಕ್ಕಿಂತ ತಗ್ಗು ಬೇಕು. ಕೈ ಇಳಿಬಿಟ್ಟಾಗ ಬೆರಳ ಗಿಣ್ಣು ಎಲ್ಲಿ ಬರುತ್ತದೋ ಅಲ್ಲಿ ಹಲಗೆ ಇದ್ದರೆ ಮೈಭಾರ ಹಾಕಿ ತಳ್ಳಬಹುದು. ಎರಡೂ ಮಾಡುವವರು ಹಲಗೆಯನ್ನು ಮಣಿಕಟ್ಟಿನ ಮಟ್ಟಕ್ಕೆ ಇಟ್ಟುಕೊಂಡು, ವೈಸ್‌ನ ಕೆಳಗೆ ಮರದ ದಿಮ್ಮಿ ಕೊಟ್ಟು ಏರಿಸಿಕೊಳ್ಳಿ.

ಗೋಡೆಗೆ ಬಿಗಿಯುವುದೋ ಬೇಡವೋ

ಸ್ವಂತ ಮನೆಯಾದರೆ ಬಿಗಿಯಿರಿ. ಹಿಂದಿನ ಅಡ್ಡಪಟ್ಟಿಯಲ್ಲಿ ಎರಡು ಆಂಕರ್ ಬೋಲ್ಟ್ ಹಾಕಿದರೆ ಸಾಧಾರಣ ಬೆಂಚು ಕೂಡ ಕದಲೋದಿಲ್ಲ. ಆದರೆ ಗೋಡೆ ಯಾವುದು ನೋಡಿಕೊಳ್ಳಿ. ಸುಟ್ಟ ಇಟ್ಟಿಗೆ, ಸಾಲಿಡ್ ಬ್ಲಾಕ್, ಕಾಂಕ್ರೀಟ್ ಆದರೆ ಸರಿ. ಹಾಲೋ ಬ್ಲಾಕ್‌ನಲ್ಲಿ ಬೋಲ್ಟ್ ಪೊಳ್ಳಿಗೆ ಬೀಳುತ್ತದೆ. ಈಗಿನ ಅಪಾರ್ಟ್‌ಮೆಂಟ್‌ಗಳ ಬಿಳೀ ಹಗುರ ಬ್ಲಾಕ್ ಇನ್ನೂ ಮೆದು, ಮಾಮೂಲಿ ಆಂಕರ್ ಬಿಗಿದಷ್ಟೂ ಒಳಗೆ ಪುಡಿಯಾಗುತ್ತದೆ. ಕರಾವಳಿಯ ಮುರಕಲ್ಲಿನಲ್ಲೂ ಒಂದೊಂದು ಕಲ್ಲು ಒಂದೊಂದು ಥರ. ಡ್ರಿಲ್ ಹಾಕುವಾಗ ಸುಲಭಕ್ಕೆ ಇಳಿದರೆ ಆ ತೂತು ಬಿಟ್ಟು ಪಕ್ಕದ ಕಲ್ಲು ನೋಡಿ.

ಬಾಡಿಗೆ ಮನೆಯವರು ಗೋಡೆ ಮುಟ್ಟಿದರೆ ಅಡ್ವಾನ್ಸಿಗೆ ಕತ್ತರಿ. ಅವರಿಗೆ ಕೆಳಗಿನ ಶೆಲ್ಫೇ ಆಂಕರ್. ಉಪಕರಣದ ಪೆಟ್ಟಿಗೆ, ಪೇಂಟ್ ಡಬ್ಬ, ಬೇಕಾದರೆ ಎರಡು ಚೀಲ ಮರಳು ಅಲ್ಲಿ ಪೇರಿಸಿ. ಕಾಲಿನಡಿ ಹಳೇ ಟ್ಯೂಬಿನ ರಬ್ಬರ್ ಕೊಟ್ಟರೆ ಟೈಲ್ಸ್ ಮೇಲೆ ಜಾರೋದಿಲ್ಲ. ಕಬ್ಬಿಣದ ಚೌಕಟ್ಟೇ ಮಾಡಿಸುವುದಾದರೆ ಎರಡು ಬದಿಯ ಚೌಕಗಳನ್ನು ಮಾತ್ರ ವೆಲ್ಡ್ ಮಾಡಿಸಿ, ಉದ್ದದ ಪಟ್ಟಿಗಳನ್ನೂ ಓರೆಪಟ್ಟಿಯನ್ನೂ ಬೋಲ್ಟಿಗೆ ಬಿಡಿ. ಮನೆ ಬದಲಿಸುವಾಗ ಬಿಚ್ಚಿ ಗೂಡ್ಸ್ ಆಟೋದಲ್ಲಿ ಮಲಗಿಸಬಹುದು. ಬಿಚ್ಚಿದ ಬೋಲ್ಟುಗಳನ್ನು ಒಂದು ಚೀಲಕ್ಕೆ ಸುರಿಯಬೇಡಿ. ಆಯಾ ತೂತಿಗೇ ಸಿಕ್ಕಿಸಿ, ವಾಶರ್ ಸಮೇತ ನಟ್ಟನ್ನು ಬೆರಳಲ್ಲೇ ಬಿಗಿದಿಟ್ಟರೆ ಹೊಸ ಮನೆಯಲ್ಲಿ ಹುಡುಕಾಟ ಇರೋದಿಲ್ಲ.